ಹಳೆ ಟ್ರ್ಯಾಕ್ಟರ್ ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟ್ರಿ ತರೋಕೆ ಮುಂಚೆ ಇಷ್ಟು ನೋಡ್ರಿ

ಮುಂಗಾರು ಶುರುವಾಗೋ ಟೈಮಿಗೆ ನಮ್ಮ ದಾವಣಗೆರೆ, ಜಗಳೂರು, ಹೊಳಲ್ಕೆರೆ ಕಡೆ ಊರೂರಲ್ಲೂ ಇದೇ ಗೋಳು. ಬೇಸಿಗೆ ಪೂರ್ತಿ ಶೆಡ್‌ನಾಗೆ ನಿಂತ ಗಾಡಿ, ಮೆಕ್ಕೆಜೋಳ ಬಿತ್ತೋಕೆ ಹದ ಬಂದ ದಿನಾನೇ ಸೆಲ್ಫ್ ಹೊಡೆದ್ರೆ ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡ್ತಾರೆ, ಮಾರನೇ ದಿನ ಪೇಟೆಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟ್ರಿ ತಂದು ಕೂರಿಸ್ತಾರೆ, ಒಂದೆರಡು ತಿಂಗಳು ಚೆನ್ನಾಗಿ ಓಡ್ತತೆ, ಮತ್ತೆ ಅದೇ ಟಕ್. ಕೆಲವರಂತೂ ರಿಪೇರಿ ಆಸೆನೇ ಬಿಟ್ಟು ದಿನಾ ಸಂಜೆ ಗಾಡಿನ ಇಳಿಜಾರು ನೋಡಿ ನಿಲ್ಲಿಸೋದು ರೂಢಿ ಮಾಡ್ಕೊಂಡು ವರ್ಷಗಟ್ಲೆ ತಳ್ಳಿದಾರೆ.

ಹಿಂಗಾಗೋ ಗಾಡಿಗಳಲ್ಲಿ ಬಹಳ ಸಲ ಬ್ಯಾಟ್ರಿದು ಏನೂ ತಪ್ಪಿರಲ್ಲ. ಬ್ಯಾಟ್ರಿ ಕರೆಂಟ್ ಹುಟ್ಟಿಸಲ್ಲ, ಕೊಟ್ಟಿದ್ದನ್ನ ಇಟ್ಕೊಂಡು ವಾಪಸ್ ಕೊಡ್ತತೆ ಅಷ್ಟೇ. ಒಂದು ಲೆಕ್ಕ ಹಾಕ್ರಿ: ಡೀಸೆಲ್ ಇಂಜಿನ್ ತಿರುಗಿಸೋಕೆ ಸೆಲ್ಫ್ ಮೋಟ್ರು 300 ಆಂಪ್ ಎಳೀತು, ಐದು ಸೆಕೆಂಡ್ ಹೊಡೆದ್ರಿ ಅನ್ಕೊಳ್ಳಿ, ಬ್ಯಾಟ್ರಿಯಿಂದ ಹೋಗೋದು ಅರ್ಧ ಆಂಪಿಯರ್-ಅವರ್‌ಗಿಂತ ಕಮ್ಮಿ. ಬ್ಯಾಟ್ರಿ ಇರೋದು 75, 88 ಆಂಪಿಯರ್-ಅವರ್‌ದು. ಅಂದ್ರೆ ಚಾರ್ಜಿಂಗ್ ಸರಿ ಇದ್ರೆ ಹೊಲಕ್ಕೆ ಹೋಗೋಷ್ಟರಲ್ಲೇ ಕಳ್ಕೊಂಡಿದ್ದು ವಾಪಸ್ ಬಂದಿರ್ತತೆ. ಬರ್ತಿಲ್ಲ ಅಂದ್ರೆ ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸೋ ಡೈನಮೋ ಅಥವಾ ಆಲ್ಟ್ರನೇಟರ್‌ನಿಂದ ಬ್ಯಾಟ್ರಿವರೆಗೆ ಇರೋ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಟ್ ಆಗಿದೆ, ಇಲ್ಲಾ ನಿಂತ ಗಾಡಿಯಲ್ಲಿ ಎಲ್ಲೋ ಕರೆಂಟ್ ಸೋರ್ತಾ ಇದೆ. ಅದನ್ನ ಹುಡುಕೋದು ಕಷ್ಟದ ಕೆಲಸ ಅಲ್ಲ, ಅಳತೆ ಮಾಡ್ತಾ ಹೋಗ್ಬೇಕು ಅಷ್ಟೇ. ಅಂದಾಜಲ್ಲಿ ಒಂದೊಂದೇ ಸಾಮಾನು ಬದಲಾಯಿಸ್ತಾ ಹೋದ್ರೆ ಹೊಸ ಆಲ್ಟ್ರನೇಟರ್ ದುಡ್ಡು ಖರ್ಚಾದ ಮೇಲೆ ತುಕ್ಕು ಹಿಡಿದ ಒಂದು ಅರ್ತ್ ವೈರು (ಬ್ಯಾಟ್ರಿಯಿಂದ ಗಾಡಿ ಬಾಡಿಗೆ ಹೋಗೋದು) ಸಿಗ್ತತೆ, ಇದನ್ನ ನಾನು ಎಷ್ಟೋ ಮನೆಗಳಲ್ಲಿ ನೋಡಿದೀನಿ, ಹೊಟ್ಟೆ ಉರೀತತೆ.

ಬೇಕಾಗಿರೋದು ಒಂದು ಡಿಜಿಟಲ್ ಮಲ್ಟಿಮೀಟರ್, ಕೆಲವೇ ನೂರು ರೂಪಾಯಿಗೆ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಾದ್ರೂ ಸಿಗ್ತತೆ. ಜೊತೆಗೆ ಒಂದು ಟೆಸ್ಟ್ ಬಲ್ಬು, ಅಂದ್ರೆ 12 ವೋಲ್ಟ್ ಇಂಡಿಕೇಟರ್ ಬಲ್ಬಿಗೆ ಹೋಲ್ಡರ್ ಹಾಕಿ ಎರಡು ಉದ್ದ ವೈರು ಬಿಟ್ಕೊಂಡಿದ್ದು, ಒಂದು ಸೆಟ್ ಪಾನಾ, ವೈರ್ ಬ್ರಷ್, ನುಣುಪಾದ ಮರಳು ಕಾಗದ. ಬ್ಯಾಟ್ರಿ ನೀರಿನ ಸಾಂದ್ರತೆ ನೋಡೋ ಹೈಡ್ರೋಮೀಟರ್ ಇದ್ರೆ ಇನ್ನೂ ಒಳ್ಳೇದು.

ಶುರು ಮಾಡೋಕೆ ಮುಂಚೆ ಗಾಡಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಲಾಕ್ ಮಾಡ್ರಿ, ಹೆಗಲ ಮೇಲಿನ ಟವಲ್ ತೆಗೆದಿಡ್ರಿ, ಪಂಚೆ ಉಟ್ಟಿದ್ರೆ ಎತ್ತಿ ಗಟ್ಟಿಯಾಗಿ ಕಟ್ಕೊಳ್ರಿ, ಫ್ಯಾನ್ ಬೆಲ್ಟಿಗೆ ಬಟ್ಟೆ ಸಿಕ್ರೆ ಕೈಯನ್ನೂ ಎಳ್ಕೊಂಡು ಹೋಗ್ತತೆ. ಕೈಯಲ್ಲಿ ಕಡಗ, ಉಂಗುರ, ಸ್ಟೀಲ್ ವಾಚು ಬೇಡ. ಬ್ಯಾಟ್ರಿ ಹತ್ರ ಬೀಡಿ ಹಚ್ಚಲೇಬೇಡ್ರಿ, ಚಾರ್ಜ್ ಆಗೋವಾಗ ಅದರಿಂದ ಬರೋದು ಹೈಡ್ರೋಜನ್ ಗ್ಯಾಸು, ಒಂದು ಕಿಡಿಗೆ ಬ್ಯಾಟ್ರಿ ಸಿಡಿದು ಆಸಿಡ್ ಮುಖಕ್ಕೆ ಹಾರ್ತತೆ. ಬ್ಯಾಟ್ರಿ ಬಿಚ್ಚುವಾಗ ಮೊದಲು ಅರ್ತ್ ಕಡೆ ವೈರು ತೆಗೀರಿ, ಹಾಕುವಾಗ ಅದನ್ನ ಕೊನೆಗೆ ಹಾಕ್ರಿ. ಹಿಂಗೆ ಮಾಡಿದ್ರೆ ಪಾನಾ ಜಾರಿ ಬಾಡಿಗೆ ತಾಗಿದ್ರೂ ಕಿಡಿ ಹಾರಲ್ಲ.

ಮೊದಲು ಬ್ಯಾಟ್ರಿನೇ ನೋಡೋಣ

ಹಿಂದಿನ ರಾತ್ರಿಯಿಂದ ಗಾಡಿ ಓಡಿಸದೆ ಇದ್ದಾಗ, ಬೆಳಿಗ್ಗೆ ಎಲ್ಲಾ ಆಫ್ ಇಟ್ಟು ಮೀಟರನ್ನ ಡಿಸಿ ವೋಲ್ಟಿಗೆ ಹಾಕಿ ಬ್ಯಾಟ್ರಿಯ ಎರಡು ಟರ್ಮಿನಲ್‌ಗೂ ಹಿಡೀರಿ. 12.6 ವೋಲ್ಟ್ ಮೇಲಿದ್ರೆ ಫುಲ್, 12.4 ಇದ್ರೆ ಮುಕ್ಕಾಲು, 12.2 ಇದ್ರೆ ಅರ್ಧ, 12ಕ್ಕೆ ಇಳಿದ್ರೆ ಕಾಲು ಭಾಗ ಉಳಿದಿದೆ ಅಂತ ಲೆಕ್ಕ. 10.5 ಹತ್ರ ಬಂದು ನಿಂತು ಎಷ್ಟು ಚಾರ್ಜ್ ಮಾಡಿದ್ರೂ ಮೇಲೆ ಏಳ್ತಿಲ್ಲ ಅಂದ್ರೆ ಆರರಲ್ಲಿ ಒಂದು ಸೆಲ್ ಹೋಗಿದೆ, ಯಾಕಂದ್ರೆ ಒಂದೊಂದು ಸೆಲ್ ಕೊಡೋದು ಎರಡು ವೋಲ್ಟ್ ಚಿಲ್ಲರೆ. ಆಗ ಮಾತ್ರ ಬ್ಯಾಟ್ರಿ ಮೇಲೆ ತಪ್ಪು ಹಾಕಬೋದು.

ಆಮೇಲೆ ಯಾರನ್ನಾದ್ರೂ ಸೆಲ್ಫ್ ಹೊಡೀರಿ ಅಂತ ಹೇಳಿ ಮೀಟರ್ ನೋಡ್ತಾ ಇರ್ರಿ. ಇಂಜಿನ್ ತಿರುಗುವಾಗ ವೋಲ್ಟೇಜು 10ರ ಆಸುಪಾಸು ನಿಲ್ಲಬೇಕು. ಚಾರ್ಜ್ ಫುಲ್ ಇದ್ದೂ 9ರ ಕೆಳಗೆ ಬಿದ್ರೆ ಬ್ಯಾಟ್ರಿಗೆ ವಯಸ್ಸಾಗಿದೆ, ಇಲ್ಲಾ ಸೆಲ್ಫ್ ಮೋಟ್ರೇ ಬಿಗಿ ಹಿಡ್ಕೊಂಡಿದೆ. ಹೈಡ್ರೋಮೀಟರ್ ಇದ್ರೆ ಆರೂ ಸೆಲ್ ನೋಡ್ರಿ, ಎಲ್ಲಾ ಹೆಚ್ಚುಕಮ್ಮಿ ಒಂದೇ ತರ ಇರ್ಬೇಕು. ಒಂದು ಸೆಲ್ 1.240 ತೋರಿಸ್ತಾ ಪಕ್ಕದ್ದು 1.180ಕ್ಕೆ ಬಿದ್ದಿದ್ರೆ ಆ ಸೆಲ್ ಮೇಲೆ ಅನುಮಾನ ಪಡ್ರಿ. ನೀರು ಕಮ್ಮಿ ಇದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಪ್ಲೇಟ್ ಮುಳುಗಿ ಸ್ವಲ್ಪ ಮೇಲೆ ನಿಲ್ಲೋಷ್ಟು. ನಮ್ಮ ಚಿತ್ರದುರ್ಗ ಕಡೆ ಬೋರ್ ನೀರು ಎಂಥ ಗಡಸು ಅಂತ ಎಲ್ರಿಗೂ ಗೊತ್ತು, ಆ ನೀರು ಬ್ಯಾಟ್ರಿಗೆ ಹಾಕಿದ್ರೆ ಪ್ಲೇಟ್ ಹಾಳಾಗ್ತವೆ. ಆಸಿಡ್ ಮೇಲೆ ಆಸಿಡ್ ಹಾಕೋದೂ ಬೇಡ, ಆವಿಯಾಗಿ ಹೋಗೋದು ನೀರು, ಆಸಿಡ್ ಅಲ್ಲ.

ಬ್ಯಾಟ್ರಿ ಡೌನ್ ಇದ್ರೆ ಮುಂದಿನ ಪರೀಕ್ಷೆಗಳಿಗೆ ಮುಂಚೆ ಒಂದ್ಸಲ ಚಾರ್ಜಿಗೆ ಹಾಕಿಸ್ರಿ. ನಿಧಾನವಾಗಿ, 88 ಆಂಪಿಯರ್-ಅವರ್ ಬ್ಯಾಟ್ರಿಗೆ 8 ಆಂಪಿನ ಹತ್ರ, ಹತ್ತು ಹನ್ನೆರಡು ಗಂಟೆ. ಅಂಗಡಿಯಲ್ಲಿ ಅವಸರಕ್ಕೆ ಜಾಸ್ತಿ ಆಂಪ್ ಕೊಟ್ಟು ಎರಡು ಗಂಟೆಯಲ್ಲಿ ಕೊಟ್ರೆ ಮೇಲ್ಮೇಲೆ ವೋಲ್ಟೇಜು ಬಂದಿರ್ತತೆ, ಒಳಗೆ ತುಂಬಿರಲ್ಲ.

ವೈರು, ಅರ್ತು, ಬೆಲ್ಟು

ಇದು ಬೇಜಾರಿನ ಕೆಲಸ ಅಂತ ಎಲ್ರೂ ಬಿಟ್ಬಿಡ್ತಾರೆ, ಆದ್ರೆ ನಾನು ನೋಡಿದ್ರಲ್ಲಿ ಅರ್ಧಕ್ಕರ್ಧ ಗಾಡಿಗಳು ಇಲ್ಲೇ ಸರಿ ಹೋಗಿದಾವೆ. ಬ್ಯಾಟ್ರಿ ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ರೆ ವೈರು ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡಾ ಕಲಸಿ ತೊಳೀರಿ, ಆ ನೀರು ಸೆಲ್ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಇರ್ಲಿ. ವೈರ್ ಬ್ರಷ್‌ನಲ್ಲಿ ತಿಕ್ಕಿ ಸೀಸ ಹೊಳೆಯೋ ಹಾಗೆ ಮಾಡಿ ಟೈಟ್ ಮಾಡಿ, ಆಮೇಲೆ ಮೇಲೆ ವ್ಯಾಸಲೀನ್ ಸವರ್ರಿ. ಮೊದಲೇ ಸವರಿ ಆಮೇಲೆ ಟೈಟ್ ಮಾಡೋದಲ್ಲ.

ಬ್ಯಾಟ್ರಿಯಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿ ಬೋಲ್ಟು ಬಿಚ್ಚಿ ನೋಡ್ರಿ. ಪೇಂಟ್ ಮೇಲೆ ಕೂರಿಸಿರ್ತಾರೆ, ಇಲ್ಲಾ ಕೆಸರು, ಡೀಸೆಲ್ ಜಿಡ್ಡು ಸೇರಿ ಕೆಳಗೆ ತುಕ್ಕು ಹಿಡಿದಿರ್ತತೆ. ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿ ಕೆಸರು ತುಳಿಸೋ ಗಾಡಿಗಳಲ್ಲಂತೂ ಇದು ಗ್ಯಾರಂಟಿ. ಬೆಳ್ಳಗೆ ಲೋಹ ಕಾಣೋವರೆಗೆ ತಿಕ್ಕಿ ಕೂರಿಸ್ರಿ. ಸರಿ ಆಯ್ತಾ ಅಂತ ತಿಳ್ಕೊಳ್ಳೋಕೆ ಮೀಟರಿನ ಒಂದು ಕಡ್ಡಿ ಇಂಜಿನ್ ಬ್ಲಾಕಿನ ಬರೀ ಲೋಹಕ್ಕೆ, ಇನ್ನೊಂದು ಬ್ಯಾಟ್ರಿ ಅರ್ತ್ ಟರ್ಮಿನಲ್‌ಗೆ ಹಿಡಿದು ಸೆಲ್ಫ್ ಹೊಡೆಸ್ರಿ. ಅರ್ಧ ವೋಲ್ಟಿನ ಒಳಗೆ ಇದ್ರೆ ಅರ್ತ್ ಚೆನ್ನಾಗಿದೆ, ಒಂದು ವೋಲ್ಟ್ ಮೇಲೆ ತೋರಿಸಿದ್ರೆ ಪಟ್ಟಿನೋ ಬೋಲ್ಟೋ ಇನ್ನೂ ಸರಿ ಇಲ್ಲ. ಕಣ್ಣಿಗೆ ಚೆನ್ನಾಗಿ ಕಾಣೋ ವೈರು ಒಳಗೆ ಹಸಿರು ತಿರುಗಿ ಪುಡಿ ಆಗಿರೋದು ಈ ಪರೀಕ್ಷೆಯಲ್ಲಿ ಗೊತ್ತಾಗ್ತತೆ.

ಡ್ಯಾಶ್‌ಬೋರ್ಡಿನ ಆಂಪ್ ಮೀಟರ್ ಹಿಂದಿನ ಎರಡು ನಟ್ಟು ಮರೀಬೇಡ್ರಿ. ಹಳೆ ಗಾಡಿಗಳಲ್ಲಿ ಚಾರ್ಜಿಂಗ್ ಕರೆಂಟ್ ಪೂರ್ತಿ ಅದರ ಮೂಲಕಾನೇ ಹೋಗೋದು, ನಟ್ಟು ಲೂಸ್ ಆದ್ರೆ ಚಾರ್ಜಿಂಗ್ ನಿಂತಂಗೆ, ಜೊತೆಗೆ ಅಲ್ಲಿ ಬಿಸಿಯಾಗಿ ವೈರಿನ ತುದಿ ಕರ್ರಗೆ ಸುಟ್ಟಿರ್ತತೆ. ಬ್ಯಾಟ್ರಿ ಬಿಚ್ಚಿ ಆಮೇಲೆ ಕೈ ಹಾಕ್ರಿ. ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸೋರು ಬಾನೆಟ್ ಕೆಳಗೆ ಇಲಿ ಕಡಿದ ವೈರು ಇದೆಯಾ ಅಂತಾನೂ ಟಾರ್ಚ್ ಬಿಟ್ಟು ನೋಡ್ರಿ.

ಬೆಲ್ಟು: ಎರಡು ಪುಲ್ಲಿ ನಡುವೆ ಹೆಬ್ಬೆಟ್ಟಿನಿಂದ ಒತ್ತಿದ್ರೆ 10ರಿಂದ 15 ಮಿಲಿಮೀಟರ್ ಬಗ್ಗಬೇಕು. ಬದಿಗಳು ಗಾಜಿನಂಗೆ ಹೊಳೀತಿದ್ರೆ ಅದು ಜಾರ್ತಾ ಇದೆ ಅಂತ ಅರ್ಥ, ಟೈಟ್ ಮಾಡಿದ್ರೂ ಪ್ರಯೋಜನ ಇಲ್ಲ, ಬದಲಾಯಿಸ್ರಿ. ಹೆಚ್ಚಿನ ಗಾಡಿಗಳಲ್ಲಿ ಇದೇ ಬೆಲ್ಟು ವಾಟರ್ ಪಂಪನ್ನೂ ತಿರುಗಿಸೋದ್ರಿಂದ ಚಾರ್ಜ್ ಕಮ್ಮಿ ಜೊತೆಗೆ ಇಂಜಿನ್ ಹೀಟೂ ಆಗ್ತಿದ್ರೆ ಮೊದಲು ಇಲ್ಲೇ ಕೈ ಹಾಕ್ರಿ. ತೀರಾ ಬಿಗಿ ಮಾಡಿದ್ರೆ ಬೇರಿಂಗ್ ಹೋಗ್ತತೆ. ಆಲ್ಟ್ರನೇಟರನ್ನ ರಾಡ್ ಹಾಕಿ ಮೀಟುವಾಗ ಪುಲ್ಲಿ ಕಡೆಯ ಭಾಗಕ್ಕೆ ಒರಗಿಸಿ ಮೀಟ್ರಿ, ಹಿಂದಿನ ಅಲ್ಯೂಮಿನಿಯಂ ಬಾಡಿಗೆ ಒರಗಿಸಿದ್ರೆ ಅದು ಬಿರುಕು ಬಿಡ್ತತೆ.

ಡೈನಮೋ ಗಾಡಿ ಆದ್ರೆ

ನಿಮ್ಮ ಗಾಡಿಯಲ್ಲಿ ಇರೋದು ಯಾವುದು ಅಂತ ಗೊತ್ತಿಲ್ವಾ? ಉದ್ದಕ್ಕೆ ಮುಚ್ಚಿದ ಡ್ರಮ್ಮಿನಂಗಿದ್ದು ಹಿಂದೆ ಒಂದು ದಪ್ಪ ಒಂದು ಸಣ್ಣ ಟರ್ಮಿನಲ್ ಇದ್ರೆ ಅದು ಡೈನಮೋ, ಅದರ ಜೊತೆ ಬೇರೆ ಕಡೆ ಒಂದು ಕಪ್ಪು ಮುಚ್ಚಳದ ಕಟೌಟ್ ಡಬ್ಬಿ ಇರ್ತತೆ, ವೋಲ್ಟೇಜು ಹದ್ದಿನಲ್ಲಿಡೋ ರೆಗ್ಯುಲೇಟರೂ ಸಾಮಾನ್ಯವಾಗಿ ಅದರೊಳಗೇ. ಗಿಡ್ಡಕ್ಕೆ ದಪ್ಪಗೆ, ಅಲ್ಯೂಮಿನಿಯಂ ಬಾಡಿಯಲ್ಲಿ ಗಾಳಿ ಕಿಂಡಿ ಇದ್ರೆ ಆಲ್ಟ್ರನೇಟರ್. ಹಳೆ ಮಾದರಿ ಬಿ-275, ಮ್ಯಾಸ್ಸಿ ಫರ್ಗುಸನ್ 35 ಕಾಲದ ಗಾಡಿಗಳಿಗೆ ಡೈನಮೋನೇ ಇರ್ತಿತ್ತು, ಆದ್ರೆ ಬಹಳ ಜನ ಈಗ ಬದಲಾಯಿಸಿರ್ತಾರೆ, ಹಾಗಾಗಿ ಮಾಡೆಲ್ ನೋಡಿ ಹೇಳೋಕಾಗಲ್ಲ, ಬಗ್ಗಿ ನೋಡ್ಬೇಕು. ಇನ್ನೊಂದು ಮುಖ್ಯ ವಿಷಯ, ಆ ಕಾಲದ ಕೆಲವು ಗಾಡಿಗಳಲ್ಲಿ ಬಾಡಿಗೆ ಹೋಗೋದು ಮೈನಸ್ ಅಲ್ಲ, ಪ್ಲಸ್. ಬ್ಯಾಟ್ರಿ ಬಿಚ್ಚೋಕೆ ಮುಂಚೆ ಯಾವ ಟರ್ಮಿನಲ್ ಚಾಸಿಗೆ ಹೋಗಿದೆ ಅಂತ ನೋಡಿ ಮೊಬೈಲಲ್ಲಿ ಫೋಟೋ ತಕ್ಕೊಳ್ರಿ.

ಹಳೆ ಡೈನಮೋ ಕೊಡೋದೇ ಸುಮಾರು 20 ಆಂಪಿನ ಆಸುಪಾಸು, ಅದೂ ಇಂಜಿನ್ ಸ್ಪೀಡ್ ಇದ್ದಾಗ. ಐಡಲ್‌ನಲ್ಲಿ ಏನೂ ಕೊಡಲ್ಲ, ಆಂಪ್ ಮೀಟರ್ ಮುಳ್ಳು ಮೈನಸ್ ಕಡೆ ಇದ್ರೂ ಗಾಬರಿ ಆಗ್ಬೇಡ್ರಿ. ಎರಡು ಹೆಡ್‌ಲೈಟು ಸೇರಿದ್ರೆ ಎಂಟು ಒಂಬತ್ತು ಆಂಪ್ ಆಗ್ತತೆ, ಅದರ ಮೇಲೆ ಹಿಂದೆ ನೇಗಿಲಿಗೆ ಲೈಟು, ದೊಡ್ಡ ಆಂಪ್ಲಿಫೈಯರ್ ಇಟ್ಟು ಟ್ರೈಲರಿಗೆ ಸ್ಪೀಕರ್ರು ಕಟ್ಟಿದ್ರೆ ಒಳ್ಳೆ ಡೈನಮೋನೂ ಸೋಲ್ತತೆ. ಅಂಥ ಗಾಡಿಯಲ್ಲಿ ರಿಪೇರಿ ಮಾಡೋಕೆ ಏನೂ ಇರಲ್ಲ, ಲೋಡ್ ಇಳಿಸ್ಬೇಕು.

ಈಗ ಪರೀಕ್ಷೆ. ಡೈನಮೋ ಹಿಂದಿನ ಡಿ (ದಪ್ಪದು) ಮತ್ತು ಎಫ್ (ಸಣ್ಣದು) ಟರ್ಮಿನಲ್ ಎರಡೂ ವೈರು ಬಿಚ್ರಿ, ಯಾವುದು ಎಲ್ಲಿದು ಅಂತ ಗುರುತು ಹಾಕ್ರಿ, ಅದಲುಬದಲು ಮಾಡಿ ಹಾಕಿದ್ರೆ ರೆಗ್ಯುಲೇಟರ್ ಸುಡ್ತತೆ. ಬಿಚ್ಚಿದ ವೈರಿನ ತುದಿ ಬಾಡಿಗೆ ತಾಗದಂಗೆ ಟೇಪ್ ಸುತ್ರಿ. ಒಂದು ತುಂಡು ವೈರಿನಿಂದ ಡೈನಮೋದ ಡಿ, ಎಫ್ ಎರಡನ್ನೂ ಸೇರಿಸ್ರಿ. ಮೀಟರಿನ ಒಂದು ಕಡ್ಡಿ ಅಲ್ಲಿಗೆ, ಇನ್ನೊಂದು ಡೈನಮೋ ಬಾಡಿಗೆ. ಇಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಿಂದ ನಿಧಾನಕ್ಕೆ ಸ್ವಲ್ಪ ಏರಿಸ್ರಿ. ಡೈನಮೋ ಚೆನ್ನಾಗಿದ್ರೆ ವೋಲ್ಟೇಜು ತಡವರಿಸದೆ ಸರಸರ ಏರ್ತತೆ, 20 ದಾಟಿಸಬೇಡ್ರಿ, ಅಷ್ಟಕ್ಕೇ ಇಳಿಸಿಬಿಡ್ರಿ. ಇಲ್ಲಿ ರೆಗ್ಯುಲೇಟರ್ ಇಲ್ಲದೆ ಓಡ್ತಾ ಇರೋದ್ರಿಂದ ಜೋರಾಗಿ ರೇಸ್ ಮಾಡಿದ್ರೆ ಒಳಗೆ ಕಾಯಿಲ್ ಸುಟ್ಟುಹೋಗ್ತತೆ.

ಮೀಟರ್ ಏನು ಹೇಳ್ತತೆ ಅನ್ನೋದ್ರ ಮೇಲೆ ರೋಗ ಗೊತ್ತಾಗ್ತತೆ. ಏನೂ ತೋರಿಸ್ಲಿಲ್ಲ ಅಂದ್ರೆ ತಿರುಗೋ ಭಾಗದಿಂದ ಕರೆಂಟ್ ಎತ್ಕೊಳ್ಳೋ ಕಾರ್ಬನ್ ತುಂಡು ಸವೆದಿದೆ, ಇಲ್ಲಾ ಹೋಲ್ಡರಿನಲ್ಲಿ ಸಿಕ್ಕಾಕೊಂಡಿದೆ. ಅರ್ಧದಿಂದ ಒಂದು ವೋಲ್ಟಿಗೇ ನಿಂತ್ರೆ ಬಾಡಿ ಒಳಗೆ ಕೂರಿಸಿರೋ ಫೀಲ್ಡ್ ಕಾಯಿಲ್ ಕಡೆ ನೋಡ್ರಿ. ನಾಲ್ಕೈದು ವೋಲ್ಟಿಗೆ ನಿಂತ್ರೆ ಒಳಗೆ ತಿರುಗೋ ಆರ್ಮೇಚರ್ ಮೇಲೆ ಅನುಮಾನ. ಚೆನ್ನಾಗಿ ಏರಿತು ಅಂದ್ರೆ ಡೈನಮೋ ಬಿಡ್ರಿ, ತೊಂದ್ರೆ ವೈರಿನಲ್ಲಿ ಅಥವಾ ಕಟೌಟ್ ಡಬ್ಬಿಯಲ್ಲಿ ಇದೆ.

ಕಾರ್ಬನ್ ವಿಷಯ. ಶೇಂಗಾ ಹೊಲದ ಕೆಂಪು ಧೂಳು, ಮೆಕ್ಕೆಜೋಳ ಒಕ್ಕೋ ಮಿಷನ್ ಮುಂದೆ ದಿನಗಟ್ಟಲೆ ನಿಂತಾಗ ಹಾರೋ ಹೊಟ್ಟು, ಇವೆಲ್ಲಾ ಒಳಗೆ ಹೋಗಿ ಕಾರ್ಬನ್ ಪುಡಿ ಜೊತೆ ಸೇರಿ ಗಟ್ಟಿಯಾಗಿ ಕೂತಿರ್ತತೆ. ಕಾರ್ಬನ್ ಹೊರಗೆ ತೆಗೆದು ಹೋಲ್ಡರ್ ಪೆಟ್ರೋಲ್ ಬಟ್ಟೆಯಿಂದ ಒರೆಸಿದ್ರೆ ಸಾಕು, ಎಷ್ಟೋ ಡೈನಮೋ ಜೀವ ಬಂದು ಎದ್ದು ಕೂರ್ತವೆ. ಕಾರ್ಬನ್ ಸ್ಪ್ರಿಂಗ್ ಒತ್ತಡದಲ್ಲಿ ಸಲೀಸಾಗಿ ಮೇಲೆ ಕೆಳಗೆ ಆಡ್ಬೇಕು, ಹೊಸದಕ್ಕಿಂತ ಅರ್ಧ ಸವೆದಿದ್ರೆ ಬದಲಾಯಿಸ್ರಿ. ಕಾರ್ಬನ್ ತಾಗೋ ತಾಮ್ರದ ಕಮ್ಯುಟೇಟರ್ ಕರ್ರಗಾಗಿದ್ರೆ ನುಣುಪಾದ ಮರಳು ಕಾಗದ ಒತ್ತಿ ಹಿಡಿದು ತಿರುಗಿಸ್ರಿ. ಎಮರಿ ಪೇಪರ್ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡ್ತತೆ. ಕೆಲವು ಡೈನಮೋಗಳ ಹಿಂದಿನ ಬುಷ್‌ಗೆ ಎಣ್ಣೆ ಬಿಡೋ ಸಣ್ಣ ತೂತು ಇರ್ತತೆ, ಅಲ್ಲಿ ಆಗಾಗ ಎರಡು ಮೂರು ಹನಿ ಇಂಜಿನ್ ಆಯಿಲ್, ಅಷ್ಟೇ. ಪ್ರೀತಿ ಜಾಸ್ತಿಯಾಗಿ ಎಣ್ಣೆ ಕ್ಯಾನ್ ಬಗ್ಗಿಸಿದ್ರೆ ಆ ಎಣ್ಣೆ ಕಾರ್ಬನ್ ಮೇಲೆ ಹೋಗ್ತತೆ.

ವರ್ಷಗಟ್ಟಲೆ ನಿಂತ ಗಾಡಿ ಅಥವಾ ಈಗಷ್ಟೇ ರಿಪೇರಿ ಆಗಿ ಬಂದ ಡೈನಮೋ, ಎಲ್ಲಾ ಸರಿ ಇದ್ದೂ ಕರೆಂಟ್ ಹುಟ್ತಿಲ್ಲ ಅಂದ್ರೆ ಒಳಗಿನ ಕಬ್ಬಿಣದಲ್ಲಿ ಉಳಿದಿರೋ ಅಯಸ್ಕಾಂತ ಶಕ್ತಿ ಹೋಗಿರ್ತತೆ, ಇಲ್ಲಾ ಉಲ್ಟಾ ಆಗಿರ್ತತೆ. ಇಂಜಿನ್ ಆಫ್ ಇಟ್ಟು, ಎಫ್ ಟರ್ಮಿನಲ್ ವೈರು ಬಿಚ್ಚಿ, ಬ್ಯಾಟ್ರಿಯ ಅರ್ತ್ ಅಲ್ಲದ ಟರ್ಮಿನಲ್‌ನಿಂದ ಒಂದು ವೈರು ತಂದು ಡೈನಮೋದ ಎಫ್‌ಗೆ ಒಂದೆರಡು ಸೆಕೆಂಡ್ ತಾಗಿಸಿ ತೆಗೀರಿ, ಸಣ್ಣ ಕಿಡಿ ಬರ್ತತೆ, ಅಷ್ಟಾದ್ರೆ ಸಾಕು. ತಾಗಿಸೋ ಜಾಗ ಬ್ಯಾಟ್ರಿಯಿಂದ ದೂರ ಇರ್ಲಿ.

ಕಟೌಟ್ ಅಂದ್ರೆ ಬಾವಿ ಮೋಟ್ರಿನ ಫುಟ್‌ವಾಲ್ ಇದ್ದಂಗೆ, ಹೋದ ಕರೆಂಟ್ ವಾಪಸ್ ಬರದಂಗೆ ತಡೀತತೆ. ಡೈನಮೋ ವೋಲ್ಟೇಜು 13ರ ಹತ್ರ ಬಂದಾಗ ಪಾಯಿಂಟು ಕೂಡ್ತತೆ, ಇಂಜಿನ್ ನಿಂತಾಗ ಬಿಡ್ತತೆ. ಪಾಯಿಂಟು ಸುಟ್ಟು ಕೂಡ್ತಿಲ್ಲ ಅಂದ್ರೆ ಚಾರ್ಜ್ ಇಲ್ಲ. ಅಂಟಿಕೊಂಡು ಬಿಡ್ತಿಲ್ಲ ಅಂದ್ರೆ ಅದು ಅಪಾಯ, ಗಾಡಿ ಆಫ್ ಮಾಡಿದ ಮೇಲೂ ಆಂಪ್ ಮೀಟರ್ ಮುಳ್ಳು ಪೂರ್ತಿ ಮೈನಸ್‌ಗೆ ಮಲಗಿರ್ತತೆ, ವೈರು ಬಿಸಿ ಆಗಿ ಹೊಗೆ ಬರೋಕೂ ಸಾಕು. ಅಂಥದ್ದು ಕಂಡ ತಕ್ಷಣ ಬೇರೇನೂ ಯೋಚನೆ ಮಾಡದೆ ಬ್ಯಾಟ್ರಿ ವೈರು ಕಿತ್ತು ಹಾಕ್ರಿ. ಪಾಯಿಂಟು ಕ್ಲೀನ್ ಮಾಡೋದಾದ್ರೆ ಬ್ಯಾಟ್ರಿ ಬಿಚ್ಚಿ, ಮರಳು ಕಾಗದದ ಸಣ್ಣ ಪಟ್ಟಿ ನಡುವೆ ಇಟ್ಟು ಮೆಲ್ಲಗೆ ಎಳೀರಿ, ಪೆಟ್ರೋಲ್ ಬಟ್ಟೆಯಿಂದ ಒರೆಸ್ರಿ. ಒಳಗಿರೋ ಸ್ಕ್ರೂ ಮಾತ್ರ ಮುಟ್ಟಬೇಡ್ರಿ, ಅದು ವೋಲ್ಟೇಜು ಸೆಟ್ಟಿಂಗು. ಡಬ್ಬಿಯ ಅರ್ತ್ ವೈರು ಗಟ್ಟಿ ಇದೆಯಾ ಅಂತ ನೋಡ್ರಿ, ಅದು ಬಿಟ್ಟಿದ್ರೆ ರೆಗ್ಯುಲೇಟರ್ ಕೆಲಸಾನೇ ಮಾಡಲ್ಲ, ವೋಲ್ಟೇಜು ಹದ್ದು ಮೀರ್ತತೆ.

ಆಲ್ಟ್ರನೇಟರ್ ಆದ್ರೆ

ಮೊದಲು ಒಂದು ಮಾತು, ಇದನ್ನ ದಯವಿಟ್ಟು ನೆನಪಿಡ್ರಿ. ಇಂಜಿನ್ ಓಡ್ತಾ ಇರೋವಾಗ ಬ್ಯಾಟ್ರಿ ವೈರು ಕಿತ್ತು "ಇಂಜಿನ್ ನಿಲ್ತಾ, ಲೈಟ್ ಉರೀತಾ" ಅಂತ ನೋಡೋ ಪದ್ಧತಿ ಇನ್ನೂ ನಮ್ಮ ಕಡೆ ಇದೆ. ಡೀಸೆಲ್ ಇಂಜಿನ್ ಹೆಂಗೂ ನಿಲ್ಲಲ್ಲ, ಆದ್ರೆ ಬ್ಯಾಟ್ರಿ ಇಲ್ಲದಾಗ ಆಲ್ಟ್ರನೇಟರಿನ ವೋಲ್ಟೇಜು ಒಂದು ಕ್ಷಣದಲ್ಲಿ ಎಲ್ಲಿಗೋ ಜಿಗಿದು, ಒಳಗೆ ಎಸಿ ಕರೆಂಟನ್ನ ಡಿಸಿ ಮಾಡೋ ಡಯೋಡು, ರೆಗ್ಯುಲೇಟರ್ ಎರಡನ್ನೂ ಸುಟ್ಟು ಹಾಕ್ತತೆ. ಚೆನ್ನಾಗಿದ್ದದ್ದು ಪರೀಕ್ಷೆಯಲ್ಲೇ ಹೋಯ್ತು ಅಂತಾಗ್ತತೆ. ಯಾರು ಮಾಡೋಕೆ ಬಂದ್ರೂ ಬೇಡ ಅನ್ರಿ. ಹಂಗೇ ಟ್ರ್ಯಾಕ್ಟರಿಗೆ ಅಥವಾ ಜೋಡಿಸಿರೋ ಕಲ್ಟಿವೇಟರಿಗೆ ವೆಲ್ಡಿಂಗ್ ಹೊಡೆಸೋಕೆ ಮುಂಚೆ ಬ್ಯಾಟ್ರಿ ಮತ್ತು ಆಲ್ಟ್ರನೇಟರ್ ವೈರು ಬಿಚ್ಚಿಡ್ರಿ. ಪ್ಲಸ್ ಮೈನಸ್ ಉಲ್ಟಾ ಹಾಕಿದ್ರೂ ಡಯೋಡ್ ಕತೆ ಮುಗಿದಂಗೆ.

ಪರೀಕ್ಷೆ ಸುಲಭ. ಇಂಜಿನ್ ಸ್ವಲ್ಪ ಸ್ಪೀಡಲ್ಲಿ, 1500 ಆರ್‌ಪಿಎಂ ಹತ್ರ ಇಟ್ಟು ಬ್ಯಾಟ್ರಿ ಮೇಲೆ ಮೀಟರ್ ಹಿಡೀರಿ. 13.8ರಿಂದ 14.4 ಇದ್ರೆ ಆಲ್ಟ್ರನೇಟರ್ ಕೆಲಸ ಮಾಡ್ತಿದೆ. ಈಗ ಎಲ್ಲಾ ಲೈಟ್ ಹಾಕ್ರಿ, 13.2ರ ಮೇಲೇ ನಿಂತ್ರೆ ಅಲ್ಲಿಗೆ ಮುಗೀತು, ಬ್ಯಾಟ್ರಿ ಡೌನ್ ಆಗೋಕೆ ಕಾರಣ ಬೇರೆ. ಸ್ಟಾರ್ಟ್ ಮಾಡಿದ ಮೇಲೂ 12.3, 12.4ರಲ್ಲೇ ಇದ್ದು ನಿಧಾನಕ್ಕೆ ಇಳೀತಿದ್ರೆ ಚಾರ್ಜ್ ಇಲ್ಲ.

ಚಾರ್ಜ್ ಇಲ್ಲ ಅಂದ್ರೆ ಇಂಜಿನ್ ಆಫ್ ಮಾಡಿ ಆಲ್ಟ್ರನೇಟರ್ ಹಿಂದಿನ ದಪ್ಪ ಬಿ ಪ್ಲಸ್ ಬೋಲ್ಟಿಗೆ ಮೀಟರ್ ಹಿಡೀರಿ, ಬ್ಯಾಟ್ರಿಯಲ್ಲಿ ಇರೋಷ್ಟೇ ವೋಲ್ಟೇಜು ಅಲ್ಲೂ ಇರ್ಬೇಕು. ಸೊನ್ನೆ ಅಂದ್ರೆ ದಾರಿಯಲ್ಲಿ ಫ್ಯೂಸು, ಆಂಪ್ ಮೀಟರು, ವೈರು ಯಾವುದೋ ಕಟ್ ಆಗಿದೆ. ಅಲ್ಲಿ ಸರಿ ಇದ್ರೆ ಕೀ ಆನ್ ಮಾಡ್ರಿ, ಚಾರ್ಜಿಂಗ್ ಲ್ಯಾಂಪ್ ಹತ್ಕೋಬೇಕು. ಈ ಪುಟ್ಟ ಕೆಂಪು ಬಲ್ಬು ಬರೀ ತೋರಿಸೋಕೆ ಇರೋದಲ್ಲ, ಅದರ ಮೂಲಕ ಹೋಗೋ ಕರೆಂಟಿನಿಂದಲೇ ಆಲ್ಟ್ರನೇಟರ್ ಒಳಗಿನ ರೋಟರ್ ಮೊದಲ ಸಲ ಅಯಸ್ಕಾಂತ ಆಗೋದು. ಬಲ್ಬು ಹೋದ್ರೆ ಆಲ್ಟ್ರನೇಟರ್ ಏಳೋದೇ ಇಲ್ಲ, ಇಲ್ಲಾ ಜೋರಾಗಿ ರೇಸ್ ಮಾಡಿದ ಮೇಲೆ ಏಳ್ತತೆ. ಚಿಲ್ಲರೆ ಕಾಸಿನ ಬಲ್ಬಿಗೋಸ್ಕರ ಆಲ್ಟ್ರನೇಟರ್ ಬಿಚ್ಚಿ ಪೇಟೆಗೆ ಹೊತ್ಕೊಂಡು ಹೋಗೋದು ಎಷ್ಟು ಜನ.

ಲ್ಯಾಂಪ್ ಹತ್ತಲಿಲ್ಲ ಅಂದ್ರೆ ಆಲ್ಟ್ರನೇಟರಿನಿಂದ ಆ ಸಣ್ಣ ವೈರು ಬಿಚ್ಚಿ, ಕೀ ಆನ್ ಇಟ್ಟು, ತುದಿಯನ್ನ ಬಾಡಿಗೆ ತಾಗಿಸ್ರಿ. ಈಗ ಹತ್ತಿತು ಅಂದ್ರೆ ಬಲ್ಬು, ವೈರು ಸರಿ ಇದಾವೆ, ಆಲ್ಟ್ರನೇಟರ್ ಒಳಗೆ ಕಾರ್ಬನ್ನೋ ರೋಟರ್ರೋ ರೆಗ್ಯುಲೇಟರ್ರೋ ಹೋಗಿದೆ. ಹತ್ತಲಿಲ್ಲ ಅಂದ್ರೆ ಬಲ್ಬು, ಫ್ಯೂಸು, ವೈರು ಹುಡುಕ್ರಿ, ಆಲ್ಟ್ರನೇಟರ್ ಬಿಚ್ಚಬೇಡ್ರಿ. ಇನ್ನೊಂದು ಚಂದದ ಪರೀಕ್ಷೆ ಐತೆ: ಇಂಜಿನ್ ಆಫ್, ಕೀ ಆನ್ ಇರುವಾಗ ಒಂದು ಕಬ್ಬಿಣದ ಸ್ಕ್ರೂಡ್ರೈವರ್ ತುದಿಯನ್ನ ಆಲ್ಟ್ರನೇಟರ್ ಹಿಂದಿನ ಬೇರಿಂಗ್ ಜಾಗಕ್ಕೆ ಹಿಡೀರಿ, ರೋಟರಿಗೆ ಕರೆಂಟ್ ಹೋಗ್ತಿದ್ರೆ ಸ್ಕ್ರೂಡ್ರೈವರನ್ನ ಎಳ್ಕೊಳ್ತತೆ, ಕೈಗೇ ಗೊತ್ತಾಗ್ತತೆ. ಟರ್ಮಿನಲ್‌ಗೆ ತಾಗದಂಗೆ ನೋಡ್ಕೊಳ್ರಿ.

ಲ್ಯಾಂಪ್ ಇಂಜಿನ್ ಓಡುವಾಗ ಮಂಕಾಗಿ ಉರೀತಾನೇ ಇದ್ರೆ ಡಯೋಡ್ ಮೇಲೆ ಅನುಮಾನ. ಮೀಟರನ್ನ ಎಸಿ ವೋಲ್ಟಿಗೆ ಹಾಕಿ ಇಂಜಿನ್ ಓಡುವಾಗ ಬ್ಯಾಟ್ರಿ ಮೇಲೆ ಹಿಡೀರಿ, ಅರ್ಧ ವೋಲ್ಟಿಗಿಂತ ಜಾಸ್ತಿ ಎಸಿ ಬಂದ್ರೆ ಡಯೋಡ್ ಹೋಗಿದೆ ಅಂತ ಗಟ್ಟಿ ಆದಂಗೆ.

ಆಲ್ಟ್ರನೇಟರ್‌ನಲ್ಲಿ 14 ಇದ್ದು ಬ್ಯಾಟ್ರಿಯಲ್ಲಿ 13 ಮಾತ್ರ ಇದ್ರೆ ಒಂದು ವೋಲ್ಟ್ ದಾರಿಯಲ್ಲಿ ಕಳೆದೋಯ್ತು. ಇಂಜಿನ್ ಓಡ್ತಾ, ಲೈಟ್ ಹಾಕಿ, ಕೆಂಪು ಕಡ್ಡಿ ಬಿ ಪ್ಲಸ್ ಬೋಲ್ಟಿಗೆ, ಕಪ್ಪು ಕಡ್ಡಿ ಬ್ಯಾಟ್ರಿ ಪ್ಲಸ್‌ಗೆ ಹಿಡಿದ್ರೆ ಅರ್ಧ ವೋಲ್ಟಿನ ಒಳಗೆ ಇರ್ಬೇಕು. ಆಲ್ಟ್ರನೇಟರ್ ಬಾಡಿಯಿಂದ ಬ್ಯಾಟ್ರಿ ಮೈನಸ್‌ಗೆ ಹಿಡಿದ್ರೆ 0.2ರ ಒಳಗೆ. ಜಾಸ್ತಿ ಇದ್ರೆ ವೈರೋ ಜಾಯಿಂಟೋ ಕೆಟ್ಟಿದೆ. ಡೈನಮೋ ತೆಗೆದು ಆಲ್ಟ್ರನೇಟರ್ ಕೂರಿಸಿದ ಗಾಡಿಗಳಲ್ಲಿ ಇದು ಬಹಳ, ಯಾಕಂದ್ರೆ 36 ಆಂಪಿನ ಆಲ್ಟ್ರನೇಟರಿಗೆ ಡೈನಮೋ ಕಾಲದ ಅದೇ ಸಣ್ಣ ವೈರು ಬಿಟ್ಟಿರ್ತಾರೆ, ಕೆಲವರು ಹಳೆ ಕಟೌಟ್ ಡಬ್ಬಿ ಮೂಲಕಾನೇ ಕರೆಂಟ್ ತಂದಿರ್ತಾರೆ. ದಪ್ಪ ವೈರು ಹೊಸದಾಗಿ ಎಳೀಬೇಕು, ಕಟೌಟ್ ಬಿಟ್ಟು ಹೋಗ್ಬೇಕು, ಪ್ಲಸ್ ಅರ್ತ್ ಇದ್ರೆ ಮೈನಸ್ ಅರ್ತ್‌ಗೆ ಬದಲಾಯಿಸ್ಬೇಕು, ಪುಲ್ಲಿ ಒಂದೇ ಗೆರೆಯಲ್ಲಿ ಕೂರ್ಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಡೈನಮೋದ ಆರ್ಮೇಚರ್ ಸುಟ್ಟಿದ್ರೆ ಆಲ್ಟ್ರನೇಟರ್‌ಗೆ ಹೋಗ್ರಿ, ಬರೀ ಕಾರ್ಬನ್ ತೊಂದ್ರೆ ಇದ್ದು ರಾತ್ರಿ ಉಳುಮೆ ಕಮ್ಮಿ ಇದ್ರೆ ಡೈನಮೋನೇ ಉಳಿಸ್ಕೊಳ್ರಿ, ಅದು ಇನ್ನೂ ಎಷ್ಟೋ ವರ್ಷ ದುಡೀತತೆ.

ಚಾರ್ಜಿಂಗ್ ಸರಿ ಇದ್ದೂ ಬೆಳಿಗ್ಗೆ ಡೌನ್

ಇದು ಸೋರಿಕೆ. ಎಲ್ಲಾ ಆಫ್ ಮಾಡಿ, ಬ್ಯಾಟ್ರಿಯ ಅರ್ತ್ ವೈರು ಬಿಚ್ಚಿ, ವೈರಿಗೂ ಟರ್ಮಿನಲ್‌ಗೂ ನಡುವೆ ಟೆಸ್ಟ್ ಬಲ್ಬು ಹಿಡೀರಿ. ಹತ್ಕೊಂಡ್ರೆ ಎಲ್ಲೋ ಕರೆಂಟ್ ಹೋಗ್ತಾ ಇದೆ. ಹತ್ತಲಿಲ್ಲ ಅಂದ್ರೆ ಮೀಟರನ್ನ 10 ಆಂಪಿನ ತೂತಿಗೆ ಹಾಕಿ ಅದೇ ಜಾಗದಲ್ಲಿ ಹಿಡೀರಿ, ಹಳೆ ಟ್ರ್ಯಾಕ್ಟರ್‌ನಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರ್ಬೇಕು. ಮೀಟರ್ ಹಿಂಗೆ ಹಾಕಿದ್ದಾಗ ಸೆಲ್ಫ್ ಹೊಡೀಬಾರದು, ಮೀಟರ್ ಸುಟ್ಟು ಹೋಗ್ತತೆ. ಕರೆಂಟ್ ಹೋಗ್ತಿದ್ರೆ ಒಂದೊಂದೇ ವೈರು ಬಿಚ್ತಾ ಹೋಗ್ರಿ, ಮೊದಲು ಹಾಡಿನ ಡೆಕ್ಕು, ಆಮೇಲೆ ಕೀ ದಾಟಿಸಿ ನೇರ ಬ್ಯಾಟ್ರಿಗೆ ಕಟ್ಟಿರೋ ಎಲ್‌ಇಡಿ ಲೈಟು, ಮೊಬೈಲ್ ಚಾರ್ಜರ್, ಕೊನೆಗೆ ಆಲ್ಟ್ರನೇಟರಿನ ಬಿ ಪ್ಲಸ್. ಯಾವುದನ್ನ ಬಿಚ್ಚಿದಾಗ ಬಲ್ಬು ಆರ್ತತೋ, ಮೀಟರ್ ಇಳೀತತೋ ಅದೇ ಕಳ್ಳ. ಬಿ ಪ್ಲಸ್ ಬಿಚ್ಚಿದಾಗ ನಿಂತ್ರೆ ಡಯೋಡ್ ಸೋರ್ತಾ ಇದೆ.

ಇದಕ್ಕೆ ಉಲ್ಟಾ ರೋಗನೂ ಐತೆ. ಬಲ್ಬು ಮೇಲಿಂದ ಮೇಲೆ ಸುಡ್ತವೆ, ಬ್ಯಾಟ್ರಿ ನೀರು ವಾರಕ್ಕೇ ಖಾಲಿ, ಹತ್ರ ಹೋದ್ರೆ ಕೊಳೆತ ಮೊಟ್ಟೆ ವಾಸನೆ. ಸ್ಪೀಡಲ್ಲಿ ಮೀಟರ್ 15ರ ಮೇಲೆ ತೋರಿಸಿದ್ರೆ ಓವರ್‌ಚಾರ್ಜು, ರೆಗ್ಯುಲೇಟರಿನ ಅರ್ತ್ ನೋಡ್ರಿ, ಸರಿ ಇದ್ರೆ ರೆಗ್ಯುಲೇಟರ್ ಬದಲಾಯಿಸ್ರಿ. ತಡ ಮಾಡಿದ್ರೆ ಹೊಸ ಬ್ಯಾಟ್ರಿನೂ ಉಬ್ಬಿ ಹೋಗ್ತತೆ.

ಆರ್ಮೇಚರ್ ರಿವೈಂಡಿಂಗ್, ಡಯೋಡ್ ಪ್ಲೇಟ್, ಬೇರಿಂಗ್ ಒತ್ತೋದು ಇವು ಆಟೋ ಎಲೆಕ್ಟ್ರಿಷಿಯನ್ ಕೆಲಸ, ಅಲ್ಲಿಗೆ ಕೊಡ್ರಿ. ಆದ್ರೆ ಕೊಡುವಾಗ "ಚಾರ್ಜ್ ಆಗ್ತಿಲ್ಲ ಅಣ್ಣಾ, ನೋಡು" ಅನ್ನಬೇಡ್ರಿ. "ಬಿ ಪ್ಲಸ್‌ಗೆ 12.5 ಬರ್ತಿದೆ, ಲ್ಯಾಂಪ್ ವೈರು ಅರ್ತ್ ಮಾಡಿದ್ರೆ ಹತ್ತುತ್ತೆ, ಸ್ಕ್ರೂಡ್ರೈವರ್ ಎಳೀತಿಲ್ಲ" ಅಂತ ಹೇಳ್ರಿ, ಅವನಿಗೂ ಅರ್ಧ ಕೆಲಸ ಕಮ್ಮಿ, ನಿಮಗೂ ಬೇಡದ ಸಾಮಾನಿನ ಬಿಲ್ ಬರಲ್ಲ. ಬದಲಾಯಿಸಿದ ಹಳೆ ಸಾಮಾನು ವಾಪಸ್ ಕೇಳಿ ತಕ್ಕೊಳ್ರಿ. ಬೆಂಚಿನ ಮೇಲೆ ತಿರುಗಿಸಿ ಚಾರ್ಜ್ ತೋರಿಸಿದ ಮೇಲೆನೇ ದುಡ್ಡು ಕೊಡ್ರಿ, ಮನೆಗೆ ಬಂದು ಕೂರಿಸಿದ ಮೇಲೆ ಮೀಟರ್ ಹಿಡಿದು ಬಂದ ವೋಲ್ಟೇಜನ್ನ ತಾರೀಖಿನ ಜೊತೆ ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡ್ರಿ, ಮುಂದಿನ ವರ್ಷ ಹೋಲಿಸಿ ನೋಡೋಕೆ ಬರ್ತತೆ.

ಮೊಳಕಾಲ್ಮೂರು, ಜಗಳೂರಿನ ಮಳೆಯಾಶ್ರಿತ ಹೊಲದವರ ಗಾಡಿ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ನಿಲ್ತತೆ. ಅಂಥವರು ಅರ್ತ್ ವೈರು ಬಿಚ್ಚಿಟ್ಟು, ತಿಂಗಳಿಗೊಂದ್ಸಲ ವೋಲ್ಟೇಜು ನೋಡಿ, 12.4ರ ಕೆಳಗೆ ಇಳಿದ್ರೆ ಚಾರ್ಜಿಗೆ ಹಾಕ್ರಿ. ಡೌನ್ ಆಗಿರೋ ಬ್ಯಾಟ್ರಿನ ಹಂಗೇ ಬಿಟ್ರೆ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂತು ಆಮೇಲೆ ಎಷ್ಟು ಚಾರ್ಜ್ ಕೊಟ್ರೂ ತಕ್ಕೊಳ್ಳಲ್ಲ. ವಾರಕ್ಕೊಮ್ಮೆ ಐದು ನಿಮಿಷ ಐಡಲ್‌ನಲ್ಲಿ ಓಡಿಸಿ ಆಫ್ ಮಾಡೋದ್ರಿಂದ ಉಪಯೋಗ ಇಲ್ಲ, ಓಡಿಸಿದ್ರೆ ಸ್ವಲ್ಪ ಸ್ಪೀಡಲ್ಲಿ ಅರ್ಧ ಗಂಟೆ ಓಡಿಸ್ರಿ.